ಕೆಪ್ಪೆಲ್ ಬೀದಿಯ ನಾಮಶಾಸನ

ಶಾಸನವೆಂದೊಡನೆ ಕನ್ನಡ ವಾಚಕರ ಕಣ್ಣಮುಂದೆ ನಿಲ್ಲುವುದು ದೇಗುಲದ ನವರಂಗದ ಕಂಬ, ಕೆರೆಯ ಏರಿಯ ಮೇಲಣ ಕಲ್ಲು, ಊರಮುಂದಣ ವೀರಗಲ್ಲು. ಲಂಡನ್ ನಗರದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸಮೀಪವಾಗಿರುವ ಕೆಪ್ಪೆಲ್ ಬೀದಿಯ ಒಂದು ವಿದ್ಯಾಶಾಲೆಯ ಗೋಡೆಯನ್ನು ಆ ಸಾಲಿಗೆ ಸೇರಿಸುವುದು ಮೊದಲ ನೋಟಕ್ಕೆ ವಿನೋದವೆಂದು ತೋರೀತು. ಆದರೆ ಶಾಸನಕ್ಕಿರಬೇಕಾದ ಲಕ್ಷಣಗಳೆಲ್ಲ ಅದಕ್ಕಿವೆ. ಕಲ್ಲಿದೆ, ಕೆತ್ತಿದ ಅಕ್ಷರವಿದೆ, ಬರೆಯಿಸಿದವರಿದ್ದಾರೆ, ದಾನಿಯಿದ್ದಾನೆ, ಕಾಲವಿದೆ. ಈಚೆಗೆ ಬೇರೊಂದು ಕೈ ಸೇರಿಸಿದ ಹೆಸರುಗಳೂ ಇವೆ. ಹಾಗಿರುವಲ್ಲಿ, ಹಳೆಯ ಕಲ್ಲುಗಳಿಗೆ ಹಾಕುವ ಪ್ರಶ್ನೆಗಳನ್ನು ಈ ಗೋಡೆಗೂ ಹಾಕಿ ನೋಡುವುದು ಅಯುಕ್ತವಾಗಲಾರದು. ಇದು ಯಾರನ್ನು ಹೊಗಳುತ್ತದೆ, ಯಾರ ಹಣದಿಂದ, ಯಾವ ನಿಯಮವನ್ನನುಸರಿಸಿ, ಯಾರನ್ನು ಹೇಳದೆ ಬಿಟ್ಟು?

ವಿದ್ಯಾಶಾಲೆಯ ಪೂರ್ವೋತ್ತರವನ್ನು ಮೊದಲು ಸಂಗ್ರಹವಾಗಿ ಹೇಳಬೇಕು. ಲಂಡನ್ ವಿಶ್ವವಿದ್ಯಾಲಯಕ್ಕೆ ಸೇರಿದ ಆರೋಗ್ಯ ಮತ್ತು ಉಷ್ಣವಲಯ ವೈದ್ಯದ ಶಾಲೆಯನ್ನು 1899ರಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯನು ಆಲ್ಬರ್ಟ್ ಹಡಗುಕಟ್ಟೆಯ ನಾವಿಕರ ಆಸ್ಪತ್ರೆಯಲ್ಲಿ ಆರಂಭಿಸಿದನು. ವಸಾಹತುಗಳ ಮಂತ್ರಿ ಜೋಸೆಫ್ ಚೇಂಬರ್ಲೇನನ ಬೆಂಬಲ ಅದಕ್ಕಿತ್ತು. ಉಷ್ಣದೇಶಗಳಿಗೆ ಹೋಗುವ ಆಂಗ್ಲೇಯ ಅಧಿಕಾರಿಗಳೂ ವರ್ತಕರೂ ಸೈನಿಕರೂ ಜ್ವರಗಳಿಗೆ ಬಲಿಯಾಗದಂತೆ ನೋಡಿಕೊಳ್ಳುವ ವೈದ್ಯರನ್ನು ತಯಾರಿಸುವುದು ಆಗಿನ ಉದ್ದೇಶ. ಆ ದೇಶಗಳ ಜನರ ಆರೋಗ್ಯವು ಎರಡನೆಯ ಮಾತಾಗಿತ್ತು. 1924ರಲ್ಲಿ ಶಾಲೆಗೆ ರಾಜಸನ್ನದು ದೊರೆಯಿತು. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನವು ಕೊಟ್ಟ 20 ಲಕ್ಷ ಡಾಲರುಗಳ ದಾನದಿಂದ ಮಾರ್ಲೀ ಹಾರ್ಡರ್, ವರ್ನರ್ ರೀಸ್ ಎಂಬ ಶಿಲ್ಪಿಗಳ ಯೋಜನೆಯಂತೆ ಕೆಪ್ಪೆಲ್ ಬೀದಿಯ ಕಟ್ಟಡವೆದ್ದು 1929ರಲ್ಲಿ ತೆರೆಯಲ್ಪಟ್ಟಿತು. ಇಂದು ಲೋಕದ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಾರೆ. ಶಾಲೆಯ ಮುದ್ರೆಯಲ್ಲಿ ಅಪೊಲೋ ದೇವನೂ ಅವನ ಸೋದರಿ ಆರ್ಟೆಮಿಸಳೂ ರಥವೇರಿ ನಿಂತಿದ್ದಾರೆ. ಸಿಸಿಲಿ ದ್ವೀಪದ ಸೆಲಿನಸ್ ಎಂಬ ಪ್ರಾಚೀನ ಪಟ್ಟಣದ ನಾಣ್ಯದಿಂದ ತೆಗೆದುಕೊಂಡ ಚಿತ್ರವದು. ಮುದ್ರೆಯಲ್ಲಾದರೂ ಸ್ತ್ರೀಗೆ ಎಡೆ ದೊರೆತಿತ್ತೆಂಬುದನ್ನು ಇಲ್ಲಿಯೇ ಗುರುತಿಸಿಟ್ಟುಕೊಳ್ಳಬಹುದು.

ಕಟ್ಟಡದ ಮೇಲ್ಭಾಗದಲ್ಲಿ ಕೆತ್ತಿದ ಹೆಸರುಗಳು 23. ಸಿಡನ್‌ಹ್ಯಾಮ್, ಪ್ರಿಂಗಲ್, ಲಿಂಡ್, ಫ್ರಾಂಕ್, ಜೆನ್ನರ್. ಚಾಡ್ವಿಕ್, ಶಾಟಕ್, ಫಾರ್, ಸೈಮನ್, ಪಾರ್ಕ್ಸ್, ಪೆಟ್ಟೆನ್‌ಕೋಫರ್. ಪಾಸ್ತರ್, ಲಿಸ್ಟರ್, ಕಾಕ್. ಲೂಯಿಸ್, ಮ್ಯಾನ್ಸನ್, ಲಾವೆರಾನ್, ರಾಸ್, ಬ್ರೂಸ್, ಲೀಷ್‌ಮನ್, ರೀಡ್, ಗೋರ್ಗಾಸ್, ಬಿಗ್ಸ್. ಇಲ್ಲಿ ಕೊಟ್ಟಿರುವ ಕ್ರಮವು ಕಾಲಾನುಸಾರಿಯಾದುದು, ಗೋಡೆಯ ಕ್ರಮವಲ್ಲ. ಕಲ್ಲಿನ ಮೇಲೆ ಮನೆತನದ ಹೆಸರುಂಟೇ ಹೊರತು ಸ್ವಂತ ಹೆಸರಿಲ್ಲ, ಬಿರುದಿಲ್ಲ, ಕಾಲವಿಲ್ಲ, ಮಾಡಿದ ಕೆಲಸದ ಸೂಚನೆಯಿಲ್ಲ. ಅರಸನ ಬಿರುದಾವಳಿಯಿಂದಲೇ ಅರ್ಧ ಕಲ್ಲು ತುಂಬುವ ನಮ್ಮ ನಾಡಿನ ಪ್ರಶಸ್ತಿಗಳನ್ನು ಓದಿ ಬೇಸತ್ತವರಿಗೆ ಈ ಮಿತಭಾಷೆ ಹಿತವಾಗಿ ಕಂಡರೂ, ಅದರಿಂದ ಒದಗುವ ತೊಡಕು ಸಣ್ಣದಲ್ಲ. ಪಾಸ್ತರ್ ಯಾರೆಂದು ಯಾರೂ ಕೇಳುವುದಿಲ್ಲ. ಆದರೆ ಲೂಯಿಸ್ ಯಾರು? ಆ ಹೆಸರಿನವರು ಸಾವಿರಾರು. ಇಲ್ಲಿ ಉದ್ದಿಷ್ಟನಾದವನು ಕಲ್ಕತ್ತೆಯಲ್ಲಿ ಕೆಲಸಮಾಡುತ್ತ 1872ರಲ್ಲಿ ಮನುಷ್ಯನ ರಕ್ತದಲ್ಲಿ ಆನೆಕಾಲು ರೋಗದ ಸೂಕ್ಷ್ಮಕ್ರಿಮಿಯನ್ನು ಕಂಡ ತಿಮೊತಿ ಲೂಯಿಸ್. ಆ ಕ್ರಿಮಿಯನ್ನು ಸೊಳ್ಳೆಯು ಹೊತ್ತುಕೊಳ್ಳುವುದೆಂಬುದನ್ನು 1877ರಲ್ಲಿ ಚೀನದ ಅಮಾಯ್ ಬಂದರಿನಲ್ಲಿ ಮ್ಯಾನ್ಸನ್ ಕಂಡುಹಿಡಿದುದು ಅದರ ಮುಂದಿನ ಮೆಟ್ಟಿಲು. ಈ ಸಂಬಂಧವನ್ನು ತಿಳಿದವನಿಗೆ ಮಾತ್ರ ಗೋಡೆ ಮಾತಾಡುತ್ತದೆ. ತಿಳಿಯದವನಿಗೆ ಅದು ಬೀದಿಯ ಅಲಂಕಾರ.

ಇನ್ನು ನಿಯಮದ ವಿಚಾರ. ಸತ್ತವರನ್ನು ಮಾತ್ರ ಕೆತ್ತಿದರೆಂದು ಹೇಳೋಣವೆಂದರೆ ಅದು ಸಲ್ಲದು. 1929ರಲ್ಲಿ ಬ್ರೂಸನೂ ರಾಸನೂ ಬದುಕಿದ್ದರು. ಮೊದಲನೆಯವನು 1931ರಲ್ಲಿಯೂ ಎರಡನೆಯವನು 1932ರಲ್ಲಿಯೂ ತೀರಿಕೊಂಡರು. ಆಂಗ್ಲೇಯರಿಗೇ ಮೀಸಲಾಗಿತ್ತೆ? ಅದೂ ಅಲ್ಲ. ಜರ್ಮನರಿದ್ದಾರೆ, ಫ್ರೆಂಚರಿದ್ದಾರೆ. ಶಾಟಕ್, ರೀಡ್, ಗೋರ್ಗಾಸ್, ಬಿಗ್ಸ್ ಈ ನಾಲ್ವರು ಅಮೆರಿಕದವರು. ದಾನವೂ ಅಮೆರಿಕದಿಂದಲೇ ಬಂದುದೆಂಬುದನ್ನು ನೆನೆದಾಗ, ಬಸದಿಯ ಶಾಸನದಲ್ಲಿ ದಾನಿಯ ಬಂಧುಗಳೂ ಸ್ಮರಿಸಲ್ಪಡುವ ವಾಡಿಕೆ ಮನಸ್ಸಿಗೆ ಬರುತ್ತದೆ. ಆದರೆ ಇದನ್ನು ಹಿಡಿದು ಬಹಳ ಎಳೆಯುವುದು ನ್ಯಾಯವಲ್ಲ. ಗೋರ್ಗಾಸನು ಹವಾನಾ ಪನಾಮಾಗಳಲ್ಲಿ ಸೊಳ್ಳೆಯನ್ನು ಅಡಗಿಸಿ ಹಳದಿಜ್ವರವನ್ನು ಓಡಿಸಿದವನು. ಅವನ ಹೆಸರು ಯಾರ ಹಣವಿಲ್ಲದಿದ್ದರೂ ಅಲ್ಲಿರತಕ್ಕುದೇ. ಕೇಳಬೇಕಾದ ಪ್ರಶ್ನೆ ಬೇರೆ. ಹಳದಿಜ್ವರವನ್ನು ಸೊಳ್ಳೆ ಹರಡುವುದೆಂದು 1881ರಲ್ಲಿಯೇ ಸಾರಿ, ಎರಡು ದಶಕಗಳ ಕಾಲ ನಗೆಗೀಡಾಗಿ, ಕಡೆಗೆ 1900ರಲ್ಲಿ ರೀಡನ ಮಂಡಲಿಗೆ ತನ್ನ ಸೊಳ್ಳೆಯ ಮೊಟ್ಟೆಗಳನ್ನು ಕೊಟ್ಟವನು ಕ್ಯೂಬಾ ದೇಶದ ಕಾರ್ಲೋಸ್ ಫಿನ್ಲೇ. ರೀಡ್ ಇದ್ದಾನೆ, ಗೋರ್ಗಾಸ್ ಇದ್ದಾನೆ, ಫಿನ್ಲೇ ಇಲ್ಲ.

ಸಿದ್ಧಾಂತದ ಸತ್ಯಾಸತ್ಯವನ್ನು ನೋಡಿ ಹೆಸರುಗಳನ್ನು ಆರಿಸಿದರೆಂದು ಊಹಿಸಲೂ ಬರುವಂತಿಲ್ಲ. ಕಾಲರಾ ರೋಗಕ್ಕೆ ಕಾರಣವಾದ ಕ್ರಿಮಿಯನ್ನು ಸ್ಥಾಪಿಸಿದವನು ಕಾಕ್. ಆ ಮತವನ್ನು ಒಪ್ಪದೆ, ಕ್ರಿಮಿಯೊಂದೇ ರೋಗವನ್ನು ತರಲಾರದೆಂದು ತೋರಿಸುವುದಕ್ಕಾಗಿ 1892ರಲ್ಲಿ ಅದೇ ಕ್ರಿಮಿಗಳಿದ್ದ ದ್ರವವನ್ನು ಎಲ್ಲರೆದುರಿಗೆ ಕುಡಿದು ಅಲ್ಪಸ್ವಲ್ಪ ಭೇದಿಯಿಂದ ಪಾರಾದವನು ಮ್ಯೂನಿಕ್ಕಿನ ಪೆಟ್ಟೆನ್‌ಕೋಫರ್. ಗೋಡೆಯ ಮೇಲೆ ಇಬ್ಬರೂ ಇದ್ದಾರೆ. ದುರ್ಗಂಧವೇ ರೋಗವೆಂದು ನಂಬಿದ್ದ ಚಾಡ್ವಿಕ್ಕನೂ ಇದ್ದಾನೆ. ತಪ್ಪು ಸಿದ್ಧಾಂತವನ್ನು ನಂಬಿಯೂ ಊರುಗಳನ್ನು ಶುದ್ಧಮಾಡಿದವರಿಗೆ ಎಡೆಕೊಟ್ಟುದು ಉದಾರಬುದ್ಧಿಯೇ ಸರಿ. ಮ್ಯೂನಿಕ್ಕಿಗೆ ಒಳ್ಳೆಯ ನೀರು ತಂದವನು ಪೆಟ್ಟೆನ್‌ಕೋಫರನೇ. ಹೀಗೆ ಉದಾರವಾದ ಗೋಡೆಯು ಕಾಲರಾ ಹರಡುವ ಬಗೆಯನ್ನು ಸರಿಯಾಗಿ ಕಂಡ ಮೊದಲಿಗನನ್ನು ಮಾತ್ರ ಮರೆತಿದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯಲ್ಲಿ ಮನೆಮನೆಗೆ ಹೋಗಿ ಸತ್ತವರನ್ನು ಎಣಿಸಿ, ಒಂದು ನೀರುಪಂಪನ್ನು ದೋಷಿಯೆಂದು ತೋರಿಸಿ, ಅದರ ಹಿಡಿಯನ್ನು ತೆಗೆಯಿಸಿದ ಜಾನ್ ಸ್ನೋ ಅಲ್ಲಿಲ್ಲ. ಆ ಬೀದಿಯು ಈ ಗೋಡೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಸ್ನೋನ ಮಾತನ್ನು ಮೊದಲು ಒಪ್ಪದಿದ್ದ ಸೈಮನ್ ಮತ್ತು ಫಾರ್ ಇಬ್ಬರಿಗೂ ಕಲ್ಲಿನಲ್ಲಿ ಸ್ಥಾನ ದೊರೆತಿದೆ. ಇಬ್ಬರೂ ಆಮೇಲೆ ಮನಸ್ಸು ಬದಲಿಸಿದರೆಂಬುದು ಅವರಿಗೆ ಗೌರವ ತರುವ ಸಂಗತಿ; ಆದರೆ ಮನಸ್ಸು ಬದಲಿಸಿಕೊಂಡವರು ಕಲ್ಲಿನಲ್ಲಿದ್ದು, ಬದಲಿಸಿದವನು ಹೊರಗುಳಿದುದು ವಿಚಿತ್ರವಲ್ಲವೆ? ಭೇದವಿರುವುದು ಅಧಿಕಾರದಲ್ಲಿ. ಸೈಮನ್ ಸರ್ಕಾರದ ಆರೋಗ್ಯಾಧಿಕಾರಿ, ಫಾರ್ ಜನನಮರಣಗಳ ದಫ್ತರದ ಗಣಿತಜ್ಞ. ಸ್ನೋ ಮೂರ್ಛೆಯ ಔಷಧ ಕೊಟ್ಟು ಬದುಕುತ್ತಿದ್ದ ಖಾಸಗಿ ವೈದ್ಯ. ಈಗ ಅದೇ ಕಟ್ಟಡದೊಳಗೆ ಸ್ನೋನ ಹೆಸರಿನ ಉಪನ್ಯಾಸಮಂದಿರವಿದೆ. ವರ್ಷಕ್ಕೊಮ್ಮೆ ಅವನ ಹೆಸರಿನ ಸಂಘದವರು ಅಲ್ಲಿ ಸೇರಿ, ಉಪನ್ಯಾಸ ಮುಗಿದ ಮೇಲೆ ಒಂದು ಪಂಪಿನ ಹಿಡಿಯನ್ನು ತೆಗೆದು ಮತ್ತೆ ಜೋಡಿಸುವ ವಿಧಿಯನ್ನು ನಡೆಸುತ್ತಾರೆ. ಕಲ್ಲು ಬಿಟ್ಟುದನ್ನು ಆಚಾರವು ತುಂಬಿಕೊಂಡಿತು. ಶಾಸನಕ್ಕಿಂತ ಐತಿಹ್ಯವು ಕೆಲವು ವೇಳೆ ನ್ಯಾಯವಂತವೆಂಬುದಕ್ಕೆ ಇದೂ ಒಂದು ನಿದರ್ಶನ.

ಸ್ನೋನಿಗಾದರೂ ಒಂದು ಮಂದಿರ ದೊರೆಯಿತು. ವಾಲ್ಡೆಮರ್ ಹಾಫ್‌ಕಿನ್ನನ ಸಂಗತಿ ಕನ್ನಡನಾಡಿಗೂ ತಾಕುವುದರಿಂದ ಇಲ್ಲಿ ತುಸು ವಿಸ್ತಾರವಾಗಿ ಹೇಳತಕ್ಕುದು. ಒಡೆಸ್ಸಾದಲ್ಲಿ 1860ರಲ್ಲಿ ಹುಟ್ಟಿದ ಈ ಯೆಹೂದ್ಯನು ಪ್ಯಾರಿಸ್ಸಿನಲ್ಲಿ ಪಾಸ್ತರನ ಸಂಸ್ಥೆಯಲ್ಲಿದ್ದು ಕಾಲರಾ ಚುಚ್ಚುಮದ್ದನ್ನು ಸಿದ್ಧಪಡಿಸಿ 1892ರಲ್ಲಿ ತನ್ನ ಮೇಲೆಯೇ ಪ್ರಯೋಗಿಸಿಕೊಂಡನು. ಮರುವರ್ಷ ಇಂಡಿಯಾಕ್ಕೆ ಬಂದನು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಅಲ್ಲಿ ಕೆಲವೇ ತಿಂಗಳಲ್ಲಿ ಪ್ಲೇಗಿನ ಮದ್ದನ್ನು ಮಾಡಿ, 1897ರ ಜನವರಿ 10ರಂದು ಅದನ್ನೂ ಮೊದಲು ತನ್ನ ದೇಹದಲ್ಲಿಯೇ ಪರೀಕ್ಷಿಸಿಕೊಂಡನು. 1898ರಲ್ಲಿ ಪ್ಲೇಗು ಧಾರವಾಡ ಸೀಮೆಗೆ ಹಬ್ಬಿದಾಗ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಈ ಮದ್ದನ್ನು ಹಾಕಿಸಿಕೊಂಡರು. ಅಷ್ಟು ದೊಡ್ಡ ಪ್ರಮಾಣದಲ್ಲಿ ಒಂದು ಪಟ್ಟಣವೇ ತೋಳೊಡ್ಡಿದುದು ಆ ಕಾಲಕ್ಕೆ ಅಪೂರ್ವವಾದುದು. ಅದೇ ವರ್ಷದ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿತು. ಪ್ಲೇಗಿನ ಮಾರಮ್ಮನ ಗುಡಿಗಳು ಎದ್ದುದು ಆ ವರ್ಷಗಳ ಭಯದಿಂದ.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಈ ಮದ್ದನ್ನು ಹಾಕಿದರು. ಒಂದೇ ಸೀಸೆಯಿಂದ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಬೇರೆ ಸೀಸೆಗಳಿಂದ ಹಾಕಿಸಿಕೊಂಡವರಿಗೆ ಏನೂ ಆಗಲಿಲ್ಲ. ಸೀಸೆಯ ಬಾಯಿ ತೆಗೆಯುವಾಗ ಇಕ್ಕುಳ ನೆಲಕ್ಕೆ ಬಿದ್ದಿದ್ದಿತೆಂಬ ಸಾಕ್ಷ್ಯವಿದ್ದರೂ ದೋಷವು ಪ್ರಯೋಗಶಾಲೆಯ ತಲೆಗೆ ಬಂದಿತು. ಹಾಫ್‌ಕಿನ್ನನು ಕೆಲಸದಿಂದ ದೂರಮಾಡಲ್ಪಟ್ಟನು. ಐದು ವರ್ಷಗಳ ತರುವಾಯ, 1907ರ ಜುಲೈ ತಿಂಗಳಲ್ಲಿ, ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅವನ ಪರವಾಗಿ ಒಂದು ಪತ್ರವು ಪ್ರಕಟವಾಯಿತು. ಅದಕ್ಕೆ ರುಜುಮಾಡಿದ ವಿದ್ವಾಂಸರಲ್ಲಿ ಪ್ರಮುಖನು ರೊನಾಲ್ಡ್ ರಾಸ್. ಆ ವರ್ಷವೇ ಹಾಫ್‌ಕಿನ್ನನು ದೋಷಮುಕ್ತನಾಗಿ ಮರಳಿ ಇಂಡಿಯಾಕ್ಕೆ ಬಂದನು. ಮುಂಬಯಿಯ ಪ್ರಯೋಗಶಾಲೆಗೆ 1925ರಲ್ಲಿ ಅವನ ಹೆಸರನ್ನೇ ಇಟ್ಟರು. ನಾಲ್ಕು ವರ್ಷಗಳ ಮೇಲೆ ಕೆಪ್ಪೆಲ್ ಬೀದಿಯ ಗೋಡೆಗೆ ಹೆಸರುಗಳನ್ನು ಆರಿಸಿದಾಗ, ಪಕ್ಷವಹಿಸಿ ಬರೆದ ರಾಸನು ಕಲ್ಲಿನಲ್ಲಿ ಬಂದನು, ಬರೆಯಿಸಿಕೊಂಡ ಹಾಫ್‌ಕಿನ್ ಬರಲಿಲ್ಲ. ಅವನೂ ಆಗ ಬದುಕಿದ್ದನು. 1930ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡನು. ಉಷ್ಣವಲಯದ ಜನರನ್ನು ಸಾವಿನಿಂದ ಉಳಿಸಿದುದೇ ಅರ್ಹತೆಯಾಗಿದ್ದರೆ ಅವನ ಹೆಸರು ಮೊದಲ ಸಾಲಿನದು.

ಕಾಳಾಜ್ವರದ ವಿಷಯದಲ್ಲಿಯೂ ಇದೇ ಕ್ರಮ. ಲೀಷ್‌ಮನ್ನನು ಡಮ್‌ಡಮ್ಮಿನಲ್ಲಿ ಜ್ವರಹಿಡಿದು ಸತ್ತ ಸೈನಿಕನೊಬ್ಬನ ಗುಲ್ಮದಲ್ಲಿ ಕಂಡ ಕಣಗಳ ವಿಚಾರವನ್ನು 1903ರಲ್ಲಿ ಪ್ರಕಟಿಸಿದನು. ಅದೇ ವರ್ಷ ಮದರಾಸಿನ ಆಸ್ಪತ್ರೆಯಲ್ಲಿ ಡಾನೋವನ್ ಅವನ್ನೇ ಕಂಡನು. ರಾಸನು ಆ ಜೀವಿಗೆ ಇಬ್ಬರ ಹೆಸರನ್ನೂ ಕೂಡಿಸಿ ಇಟ್ಟನು. ಪ್ರಾಣಿಶಾಸ್ತ್ರವು ಇಬ್ಬರಿಗೂ ಹಂಚಿದುದನ್ನು ಗೋಡೆ ಒಬ್ಬನಿಗೇ ಕೊಟ್ಟಿತು. ಆ ರೋಗಕ್ಕೆ 1920ರ ದಶಕದಲ್ಲಿ ಕಲ್ಕತ್ತೆಯಲ್ಲಿ ಯೂರಿಯಾ ಸ್ಟಿಬಮೈನ್ ಎಂಬ ಮದ್ದನ್ನು ಮಾಡಿದ ಉಪೇಂದ್ರನಾಥ ಬ್ರಹ್ಮಚಾರಿಯವರಿಗೆ ಅಲ್ಲಿ ಎಡೆಯಿಲ್ಲ. ಅವರಿಗಷ್ಟೇ ಅಲ್ಲ, 23 ಹೆಸರುಗಳಲ್ಲಿ ಏಷ್ಯಾ ಖಂಡದವರದಾಗಲಿ ಆಫ್ರಿಕದವರದಾಗಲಿ ಒಂದೂ ಇಲ್ಲ.

ಇಲ್ಲಿಯವರೆಗೆ ಹೇಳಿದುದು ಒಬ್ಬ ಪಂಡಿತನ ಬದಲು ಇನ್ನೊಬ್ಬ ಪಂಡಿತನನ್ನು ಸೇರಿಸಬೇಕಾಗಿತ್ತೆಂಬ ಮಾತು. ಅಂತಹ ತಕರಾರು ಯಾವ ಪಟ್ಟಿಗೂ ತಪ್ಪಿದುದಲ್ಲ. ಗೋಡೆಯ ನಿಜವಾದ ಕೊರತೆ ಇದಕ್ಕಿಂತ ಆಳದಲ್ಲಿದೆ, ಮತ್ತು ಅದನ್ನು ತೋರಿಸುವುದಕ್ಕೆ ರಾಸನ ಹೆಸರೇ ಸಾಕು.

ರಾಸನು 1857ರಲ್ಲಿ ಆಲ್ಮೋರಾದಲ್ಲಿ ಹುಟ್ಟಿದವನು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳು ತುಂಬಿರುವುದನ್ನು ಕಂಡು ಅದನ್ನು ಬರಿದುಮಾಡಿಸಲು, ಕೋಣೆಯ ಸೊಳ್ಳೆಗಳು ಕಡಮೆಯಾದುವು. ಸೊಳ್ಳೆಯ ಮೇಲಣ ಅವನ ಯುದ್ಧದ ಮೊದಲ ಪಾಠ ಈ ನಾಡಿನಲ್ಲಿಯೇ ಆಯಿತೆಂದರೆ ತಪ್ಪಾಗದು. 1895ರಲ್ಲಿ, ಮ್ಯಾನ್ಸನ್ನನಿಂದ ಪ್ರೇರಣೆ ಪಡೆದು ಸಿಕಂದರಾಬಾದಿನಲ್ಲಿ ಮಲೇರಿಯಾ ಶೋಧನೆಯನ್ನು ಆರಂಭಿಸಿದವನನ್ನು ಕಾಲರಾ ತಡೆಯುವ ಕೆಲಸಕ್ಕೆ ಮತ್ತೆ ಬೆಂಗಳೂರಿಗೇ ಕಳುಹಿಸಿದರು. ಕಡೆಗೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ರೋಗಿಯೊಬ್ಬನ ರಕ್ತವನ್ನು ಹೀರಿದ್ದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಅವನಿಗೆ ಮಲೇರಿಯಾದ ಕಣಗಳು ಕಂಡುಬಂದುವು. 1902ರ ನೊಬೆಲ್ ಪಾರಿತೋಷಕವು ಇದರ ಫಲ.

ಆ ರೋಗಿಯ ಹೆಸರು ಹುಸೇನ್ ಖಾನ್. ಆಗಸ್ಟ್ 16ರಂದು ಅವನನ್ನು ಸೊಳ್ಳೆಪರದೆಯೊಳಗೆ ಮಲಗಿಸಿ, ಮರಿಮಾಡಿ ಬೆಳೆಸಿದ ಸೊಳ್ಳೆಗಳನ್ನು ಬಿಟ್ಟು ಕಚ್ಚಿಸಿದರು. ರಕ್ತ ಕುಡಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಅವನಿಗೆ ಕೂಲಿ. ಅದಕ್ಕೆ ಮುಂಚೆ ಅಬ್ದುಲ್ ಕಾದಿರನೆಂಬವನು ಹೀಗೆಯೇ ಮೈಯೊಡ್ಡಿದ್ದನು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾದ ಪೂರ್ಣಚಕ್ರವನ್ನು ಬಿಡಿಸಿದಾಗ ಸೊಳ್ಳೆಗಳನ್ನು ಹಿಡಿದು ತಂದವನು ಮಹಮ್ಮದ್ ಬಕ್ಷ್. ಇವರ ಹೆಸರುಗಳನ್ನು ಉಳಿಸಿದವನು ರಾಸನೇ. 1923ರ ತನ್ನ ಆತ್ಮಕಥೆಯಲ್ಲಿ ಅವನು ಇವನ್ನು ಬರೆದಿದ್ದಾನೆ. ಜಗಳಗಂಟನೆಂದು ಹೆಸರಾದ, ಇಟಲಿಯ ಗ್ರಾಸಿಯೊಡನೆ ವರ್ಷಗಟ್ಟಲೆ ಕೀರ್ತಿಗಾಗಿ ಕಾದಾಡಿದ ಮನುಷ್ಯನು ಒಂದಾಣೆಯ ರೋಗಿಯ ಹೆಸರನ್ನು ಮರೆಯಲಿಲ್ಲವೆಂಬುದು ಅವನ ಲೆಕ್ಕಕ್ಕೆ ಬರೆಯಬೇಕಾದ ಮಾತು. ಆ ಪುಸ್ತಕವು ಪ್ರಕಟವಾಗಿ ಆರು ವರ್ಷಗಳಾದ ಮೇಲೆ ಗೋಡೆ ಎದ್ದಿತು. ಆದುದರಿಂದ ಹೆಸರು ತಿಳಿಯದೆ ಬಿಟ್ಟರೆಂಬ ಸಮಾಧಾನಕ್ಕೆ ಎಡೆಯಿಲ್ಲ.

ಗೋಡೆಯಲ್ಲಿ ಸೊಳ್ಳೆಗೆ ಸ್ಥಾನವಿದೆ. ಕಟ್ಟಡದ ಕಿಟಕಿಗಳ ಮುಂದಣ ಕಬ್ಬಿಣದ ಕಟಾಂಜನಗಳ ಮೇಲೆ ರೋಗವನ್ನು ಹೊರುವ ಜೀವಿಗಳನ್ನು, ಸೊಳ್ಳೆ, ಚಿಗಟ, ಹೇನು, ಇಲಿ ಮೊದಲಾದುವನ್ನು, ಕಂಚಿನಲ್ಲಿ ಎರೆದು ಚಿನ್ನದ ನೀರು ಹಾಯಿಸಿ ನಿಲ್ಲಿಸಿದ್ದಾರೆ. ನೋಡುವುದಕ್ಕೆ ಅವು ಸೊಗಸಾಗಿವೆ. ಶಿಲ್ಪಿಯ ರಸಿಕತೆಯನ್ನು ಮೆಚ್ಚಬೇಕು. ಆದರೂ ಕಚ್ಚಿದ ಸೊಳ್ಳೆಗೆ ಚಿನ್ನ, ನೋಡಿದ ವೈದ್ಯನಿಗೆ ಕಲ್ಲು, ಕಚ್ಚಿಸಿಕೊಂಡವನಿಗೆ ಒಂದಾಣೆ ಎಂಬ ಈ ಹಂಚಿಕೆಯನ್ನು ಕಂಡ ಮೇಲೆ ಕಣ್ಣು ಬೇರೆ ಕಡೆಗೆ ತಿರುಗುವುದಿಲ್ಲ.

ಕನ್ನಡ ಶಾಸನಗಳ ಪರಿಚಯವುಳ್ಳವರಿಗೆ ಇಲ್ಲಿ ಆತಕೂರಿನ ಕಲ್ಲು ನೆನಪಾಗದಿರದು. ಕ್ರಿ. ಶ. 949-50ರ ಆ ಶಾಸನವು ತಕ್ಕೋಲದ ಯುದ್ಧವನ್ನೂ ರಾಷ್ಟ್ರಕೂಟ ಕೃಷ್ಣನನ್ನೂ ಗಂಗ ಬೂತುಗನನ್ನೂ ಹೇಳುತ್ತದೆ. ಅರಸರ ಚರಿತ್ರೆಗೆ ಅದು ದೊಡ್ಡ ಆಧಾರ. ಆದರೆ ಕಲ್ಲು ನಿಂತುದು ಅರಸರಿಗಾಗಿ ಅಲ್ಲ. ಮಣಲೆರನೆಂಬ ವೀರನು ತನ್ನ ಒಡೆಯನಿಂದ ಬೇಡಿ ಪಡೆದ ಕಾಳಿಯೆಂಬ ನಾಯಿ ಕಾಡುಹಂದಿಯೊಂದರ ಮೇಲೆ ಬಿದ್ದು ಕಾದಿ ಅದರೊಡನೆ ತಾನೂ ಸತ್ತಿತು; ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಸಾವಿರ ವರ್ಷಗಳ ಮೇಲೂ ಆ ನಾಯಿಯ ಹೆಸರು ಓದಲು ಬರುತ್ತದೆ. ಬೇಲೂರಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಹೆಸರು ಬರೆದುಕೊಂಡಿರುವುದೂ ಸುಪ್ರಸಿದ್ಧ.

ಇದನ್ನು ಸ್ವದೇಶಾಭಿಮಾನದ ಮಾತೆಂದು ತಿಳಿಯಬಾರದು. ಬೇಲೂರಿಗೆ ಬಳಪದ ಕಲ್ಲನ್ನು ಹೊತ್ತು ತಂದವರ ಹೆಸರು ನಮ್ಮ ಶಾಸನಗಳಲ್ಲಿಯೂ ಇಲ್ಲ. ಕೆರೆ ಕಟ್ಟಿಸಿದವನು ಕಲ್ಲಿನಲ್ಲಿದ್ದಾನೆ, ಮಣ್ಣು ಹೊತ್ತವಳಿಲ್ಲ. ಮಣಲೆರನು ತನ್ನ ನಾಯಿಗೆ ಕಲ್ಲು ನಿಲ್ಲಿಸಿದುದು ಪ್ರೀತಿಯಿಂದ. ಒಂದು ವಿದ್ಯಾಸಂಸ್ಥೆ ತನ್ನ ಶಾಸ್ತ್ರದ ಪರಂಪರೆಯನ್ನು ಬರೆಯಿಸುವುದು ವಿಚಾರದಿಂದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂದು ಹೇಳಿದರೆ ಒಪ್ಪಬೇಕಾದುದೇ. ಆದರೆ ವಿಚಾರದಿಂದ ಬರೆಯಿಸಿದ ಶಾಸನಕ್ಕೆ ಹೊಣೆ ಹೆಚ್ಚು. ವೈದ್ಯನೊಬ್ಬನು ಒಬ್ಬ ರೋಗಿಯನ್ನು ಗುಣಪಡಿಸುವ ಶಾಸ್ತ್ರವಲ್ಲ ಇದು. ಜನಸಮುದಾಯವನ್ನು ಸಮುದಾಯವಾಗಿಯೇ ಕಂಡು, ಅದರ ನೀರು, ಗಾಳಿ, ಮನೆ, ಆಹಾರಗಳನ್ನು ಸರಿಪಡಿಸಿ ರೋಗವನ್ನು ತಡೆಯುವ ಶಾಸ್ತ್ರ. ಎಣಿಸುವವರು, ಮನೆಮನೆಗೆ ಹೋಗುವವರು, ತೋಳೊಡ್ಡುವವರು, ರಕ್ತ ಕೊಡುವವರು ಇಲ್ಲದೆ ಅದು ಒಂದು ಹೆಜ್ಜೆಯೂ ನಡೆಯಲಾರದು. ಅಂತಹ ಬಹುವಚನದ ಶಾಸ್ತ್ರವು ತನ್ನ ಚರಿತ್ರೆಯನ್ನು ಏಕವಚನದಲ್ಲಿ ಕೆತ್ತಿಸಿಕೊಂಡಿತೆಂಬುದೇ ಕೆಪ್ಪೆಲ್ ಬೀದಿಯ ಮೇಲಿನ ಮುಖ್ಯ ಆಕ್ಷೇಪ.

2019ರಲ್ಲಿ, ಶಾಲೆಗೆ 120 ವರ್ಷ ತುಂಬಿದಾಗ, ಗೋಡೆಗೆ ಮೂರು ಹೆಸರುಗಳನ್ನು ಸೇರಿಸಿದರು. ಫ್ಲಾರೆನ್ಸ್ ನೈಟಿಂಗೇಲ್, ಮೇರಿ ಕ್ಯೂರಿ, ಆಲಿಸ್ ಬಾಲ್: ಮೂವರೂ ಸ್ತ್ರೀಯರು. 90 ವರ್ಷಗಳ ಕಾಲ ಪುರುಷರ ಹೆಸರನ್ನೇ ಹೊತ್ತು ನಿಂತಿದ್ದ ಗೋಡೆಗೆ ಹೊಸ ಕೈ ತಾಕಿದುದು ಸಂತೋಷದ ಸಂಗತಿ. ಹಳೆಯ ಹೆಸರುಗಳಲ್ಲಿ ಒಂದನ್ನೂ ಅಳಿಸದೆ ಸೇರಿಸಿದುದು ವಿವೇಕ; ಶಾಸನವನ್ನು ಕೆರೆದು ಹಾಕುವವರಿಗಿಂತ ಮುಂದೆ ಬರೆಯುವವರು ಮೇಲು. ಆದರೆ ಆಯ್ಕೆಯನ್ನು ಒಂದೊಂದಾಗಿ ನೋಡತಕ್ಕುದು.

ನೈಟಿಂಗೇಲಳ ಹೆಸರು ಮೊದಲೇ ಇರಬೇಕಾಗಿದ್ದಿತು. ಅವಳ ಸಹೋದ್ಯೋಗಿಯಾಗಿ ಮರಣಸಂಖ್ಯೆಗಳನ್ನು ಕೂಡಿಸಿಕೊಟ್ಟ ಫಾರ್ 1929ರಲ್ಲಿಯೇ ಕಲ್ಲಿನಲ್ಲಿದ್ದನು. ಇಂಡಿಯಾದ ದಂಡುಗಳ ಆರೋಗ್ಯವನ್ನು ಕುರಿತ 1863ರ ರಾಜವರದಿಯ ಹಿಂದೆ ಅವಳ ದುಡಿಮೆಯಿದೆ. ಈ ದೇಶವನ್ನು ಒಮ್ಮೆಯೂ ಕಾಣದೆಯೇ ಇದರ ಬರಗಾಲ, ನೀರಾವರಿ, ಹಳ್ಳಿಗಳ ನೈರ್ಮಲ್ಯಗಳನ್ನು ಕುರಿತು ದಶಕಗಟ್ಟಲೆ ಬರೆದಳು. ಕ್ಯೂರಿಯ ವಿಷಯದಲ್ಲಿ ಇಷ್ಟು ನಿಸ್ಸಂದೇಹವಾಗಿ ಹೇಳಲಾಗದು. ಅವಳ ಮಹತ್ವ ಪ್ರಶ್ನಾತೀತ. ಮೊದಲ ಮಹಾಯುದ್ಧದಲ್ಲಿ ಎಕ್ಸ್‌ರೇ ಯಂತ್ರಗಳನ್ನು ಗಾಡಿಗಳಲ್ಲಿಟ್ಟು ರಣರಂಗದ ಹತ್ತಿರಕ್ಕೆ ಒಯ್ದುದೂ ದೊಡ್ಡ ಲೋಕೋಪಕಾರ. ಆದರೂ ಅವಳು ಈ ಶಾಸ್ತ್ರದವಳಲ್ಲ. ಯಾವ ಗೋಡೆಯ ಮೇಲೆ ಬರೆದರೂ ಒಪ್ಪುವ ಹೆಸರು ಒಂದು ವಿಶೇಷವಾದ ಗೋಡೆಗೆ ಏನನ್ನೂ ಹೇಳುವುದಿಲ್ಲ. ಇಲ್ಲಿ ಕೀರ್ತಿಯೇ ಆಯ್ಕೆಮಾಡಿತೆಂದು ತೋರುತ್ತದೆ.

ಆಲಿಸ್ ಬಾಲಳ ಹೆಸರು ಇದಕ್ಕೆ ಪ್ರತಿಯಾದುದು, ಮತ್ತು ಮೂರರಲ್ಲಿ ಅತ್ಯುತ್ತಮವಾದುದು. 1892ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದ ಈ ಕರಿಯ ಜನಾಂಗದ ತರುಣಿ ಹವಾಯಿಯ ವಿದ್ಯಾಲಯದಲ್ಲಿ 1915ರಲ್ಲಿ ಎಂ. ಎಸ್. ಪದವಿ ಪಡೆದ ಮೊದಲ ಸ್ತ್ರೀ. ಅಲ್ಲಿಯೇ ರಸಾಯನಶಾಸ್ತ್ರದ ಅಧ್ಯಾಪಕಿಯಾದಳು. ಕುಷ್ಠರೋಗಕ್ಕೆ ಪ್ರಾಚೀನ ಕಾಲದಿಂದ ಉಪಯೋಗಿಸುತ್ತಿದ್ದ ಚಾಲ್ಮೂಗ್ರ ಎಣ್ಣೆ ಅಂಟಾಗಿ ಕಹಿಯಾಗಿ ಇದ್ದುದರಿಂದ ನುಂಗಿದರೆ ವಾಂತಿ, ಚುಚ್ಚಿದರೆ ಚರ್ಮದಡಿಯಲ್ಲಿ ಗಂಟು. ಬಾಲಳು ಅದರ ಆಮ್ಲಗಳನ್ನು ಈಥೈಲ್ ಎಸ್ಟರುಗಳಾಗಿ ಮಾರ್ಪಡಿಸಿ ಸೂಜಿಯಿಂದ ಸುಲಭವಾಗಿ ಹಾಕಬಹುದಾದ ಮದ್ದನ್ನು ಮಾಡಿದಳು. ಪ್ರಕಟಿಸುವ ಮೊದಲೇ, 1916ರ ಡಿಸೆಂಬರ್ 31ರಂದು, 24ನೆಯ ವಯಸ್ಸಿನಲ್ಲಿ ತೀರಿಕೊಂಡಳು. ವಿದ್ಯಾಲಯದ ಅಧ್ಯಕ್ಷನಾಗಿದ್ದ ಆರ್ಥರ್ ಡೀನ್ ಕೆಲಸವನ್ನು ಮುಂದುವರಿಸಿ ಅವಳ ಹೆಸರನ್ನೆತ್ತದೆ ಪ್ರಕಟಿಸಿದನು. 1922ರಲ್ಲಿ ವೈದ್ಯ ಹಾಲ್‌ಮನ್ ಅದನ್ನು ಬಾಲಳ ಕ್ರಮವೆಂದು ಸ್ಪಷ್ಟವಾಗಿ ಬರೆದನು. 1940ರ ದಶಕದಲ್ಲಿ ಸಲ್ಫೋನ್ ಮದ್ದುಗಳು ಬರುವವರೆಗೆ ಕುಷ್ಠರೋಗಿಗಳಿಗೆ ಇದೇ ಮುಖ್ಯವಾದ ಆಸರೆ. ಚಾಲ್ಮೂಗ್ರದ ಕುಲಕ್ಕೆ ಸೇರಿದ ಗರುಡಫಲದ ಮರ ನಮ್ಮ ಪಶ್ಚಿಮಘಟ್ಟದ ಹೊಳೆಯಂಚುಗಳಲ್ಲಿ ಬೆಳೆಯುತ್ತದೆ. ಸುಶ್ರುತಸಂಹಿತೆಯು ತುವರಕವೆಂಬ ಹೆಸರಿನಿಂದ ಅದರ ಎಣ್ಣೆಯನ್ನು ಕುಷ್ಠಕ್ಕೆ ಹೇಳಿದೆ. ಬಾಲಳ ಹೆಸರಿನಿಂದ ಗೋಡೆ ಮೊದಲ ಬಾರಿಗೆ ತನ್ನ ತಪ್ಪಿನ ಬಗೆಯನ್ನು ತಾನೇ ಒಪ್ಪಿಕೊಂಡಂತಾಯಿತು: ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು.

ಆದರೆ ಆ ದಾರಿಯಲ್ಲಿ ಅದು ಎರಡನೆಯ ಹೆಜ್ಜೆಯನ್ನಿಡಲಿಲ್ಲ. ಇಟ್ಟಿದ್ದರೆ ಹೆಸರಿಗಾಗಿ ಹವಾಯಿಯವರೆಗೆ ಹೋಗಬೇಕಾಗಿರಲಿಲ್ಲ, ಗೋಡೆಯಲ್ಲಿಯೇ ಅರ್ಧ ಸಿದ್ಧವಾಗಿದ್ದಿತು. ಮಾಲ್ಟಾ ಜ್ವರದ ಕ್ರಿಮಿಯನ್ನೂ ಆಫ್ರಿಕದ ದನಗಳ ನಗನ ರೋಗದ ಮೂಲವನ್ನೂ ಕಂಡ ಡೇವಿಡ್ ಬ್ರೂಸನ ಜೊತೆಯಲ್ಲಿ ಅವನ ಹೆಂಡತಿ ಮೇರಿ ಎಲಿಜಬೆತ್ ಬ್ರೂಸ್ ಮಾಲ್ಟಾದಲ್ಲಿ, ಜುಲುಲ್ಯಾಂಡಿನಲ್ಲಿ, ಉಗಾಂಡಾದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ದುಡಿದಳು. ವರದಿಗಳ ಚಿತ್ರಗಳನ್ನು ಬರೆದವಳೂ ಅವಳೇ. 1931ರ ನವೆಂಬರಿನಲ್ಲಿ ಅವಳು ತೀರಿಕೊಂಡಳು. ನಾಲ್ಕು ದಿನಗಳ ಮೇಲೆ, ಅವಳ ಅಂತ್ಯಕ್ರಿಯೆ ನಡೆಯುತ್ತಿದ್ದಾಗ, ಅವನೂ ತೀರಿಕೊಂಡನು. ತನ್ನ ಕೆಲಸವನ್ನು ಕುರಿತು ಯಾರಾದರೂ ಬರೆದರೆ ಅದರಲ್ಲಿ ಅವಳ ಪಾಲನ್ನು ಹೇಳಬೇಕೆಂಬುದು ಅವನ ಕಡೆಯ ಕೋರಿಕೆಯಾಗಿದ್ದಿತು. ಮನೆತನದ ಹೆಸರನ್ನಷ್ಟೇ ಕೆತ್ತುವ ಪದ್ಧತಿಯಿಂದ ಗೋಡೆಯ ಬ್ರೂಸ್ ಎಂಬ ಪದವು ಇಬ್ಬರಿಗೂ ಸಲ್ಲಬಹುದು. ಕೆತ್ತಿದವರು ಅದನ್ನು ಒಬ್ಬನಿಗೆಂದು ಕೆತ್ತಿದರು. ಒಂದು ಅಕ್ಷರವನ್ನೂ ಬದಲಿಸದೆ, ಶಾಲೆಯು ಇದು ಇಬ್ಬರ ಹೆಸರೆಂದು ತನ್ನ ವಿವರಣಪತ್ರದಲ್ಲಿ ಬರೆಯಬಹುದು; ಅದಕ್ಕೆ ಉಳಿಯ ಖರ್ಚೂ ಇಲ್ಲ.

2022ರಲ್ಲಿ ಈ ಶಾಲೆಯು 1899ರಿಂದ 1960ರ ಸುಮಾರಿನವರೆಗೆ ವಸಾಹತು ಆಡಳಿತದೊಡನೆ ತನಗಿದ್ದ ಸಂಬಂಧವನ್ನು ಕುರಿತ ದೊಡ್ಡ ವರದಿಯೊಂದನ್ನು ತಾನೇ ಪ್ರಕಟಿಸಿತು. ಕಲ್ಲಿನ ಮೇಲಣ ಪ್ರಶಸ್ತಿಯ ಪಕ್ಕದಲ್ಲಿ ಕಾಗದದ ಮೇಲಣ ವಿಮರ್ಶೆಯನ್ನಿಡುವ ಧೈರ್ಯವು ಎಲ್ಲ ವಿದ್ಯಾಸಂಸ್ಥೆಗಳಿಗೂ ಇರುವುದಿಲ್ಲ. ಗೋಡೆಯ ಮುಂದಿನ ಸಂಪಾದನೆಗೆ ಬೇಕಾದ ಸಾಮಗ್ರಿಯೂ ದೂರದಲ್ಲಿಲ್ಲ. ರಾಸನು ಬಿಟ್ಟುಹೋದ ಕಾಗದಪತ್ರಗಳ ದೊಡ್ಡ ಸಂಗ್ರಹವೊಂದು ಆ ಕಟ್ಟಡದ ದಫ್ತರಖಾನೆಯಲ್ಲಿಯೇ ಇದೆ. ಹುಸೇನ್ ಖಾನನಿಗೆ ಆಣೆ ಎಣಿಸಿ ಕೊಟ್ಟವನ ಕೈಬರಹವು ಗೋಡೆಯ ಒಳಗಡೆಯಿದೆ, ಅವನ ಹೆಸರು ಹೊರಗಡೆಯಿದೆ; ನಡುವೆ ಇರುವುದು ಒಂದು ಮೊಳದ ಕಲ್ಲು.